ನನ್ನ ಎಲೆಗೆ ಬಾರದ ಕೋಸಿನ ಪಲ್ಯ

ನಿನ್ನೆ ನಂಜನಗೂಡಿನಲ್ಲಿ ಚಿಕ್ಕಮ್ಮನ ಮಗನ ಗೃಹಪ್ರವೇಶ. ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂತು. ಕೋಸಿನ ಪಲ್ಯದ ಹುಡುಗ ಬಗ್ಗಿ ಇನ್ನೇನು ಬಡಿಸಬೇಕು, ಪಕ್ಕದಲ್ಲಿದ್ದ ಸೋದರತ್ತೆ ನನ್ನ ಎಲೆಗೆ ಅಂಗೈ ಅಡ್ಡ ಹಿಡಿದರು. "ಅವಳಿಗೆ ಬೇಡಪ್ಪ, ಥೈರಾಯ್ಡ್ ಇದೆ."

ಇಡೀ ಸಾಲು ನನ್ನ ಕಡೆ ತಿರುಗಿತು. ಮೊದಲು ಕುತ್ತಿಗೆ ನೋಡಿದರು, ಆಮೇಲೆ ಸೊಂಟ.

ನನ್ನ ಥೈರಾಯ್ಡ್ ಪುರಾಣ ಪೂರ್ತಿ ಕೊರೆಯಲ್ಲ. ಕುತ್ತಿಗೆಯಲ್ಲಿರೋ ಆ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡಲ್ಲ, ಅದಕ್ಕೆ ದಿನಾ ಬೆಳಗ್ಗೆ ಹಾರ್ಮೋನ್ ಮಾತ್ರೆ, ಅಷ್ಟೇ. ಆದರೆ ಈ ಕೋಸಿನ ವಿಷಯ ಮಾತ್ರ ಬಿಡಲಾರೆ. ಬೇಯಿಸಿದ ಕೋಸು ಎರಡು ಚಮಚ ತಿಂದರೆ ಏನೂ ಆಗೋದಿಲ್ಲ. ಅಯೋಡಿನ್ ಕೊರತೆ ಇದ್ದು, ದಿನಾ ರಾಶಿಗಟ್ಟಲೆ ಹಸಿ ಕೋಸು ಮೆಲ್ಲುವವರು ಹೆದರಬೇಕು. ನಾನೇನು ಹಸುವಾ? ನನಗಿರೋದು ಹಶಿಮೊಟೊ. ನಮ್ಮ ದೇಹದ ಕಾವಲು ಪಡೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುವ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲೇ ಇದನ್ನ ಬರೆದಿಟ್ಟರು. ನಂಜನಗೂಡಿನ ಪಲ್ಯದ ಮೇಲೆ ಅವರಿಗೆ ಯಾವ ದ್ವೇಷವೂ ಇರಲಿಲ್ಲ.

ತಮಾಷೆ ಕೇಳಿ. ಹಿಂದಿನ ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ ಹತ್ತು ನಿಮಿಷ ಆಗಿರಲಿಲ್ಲ, ಇದೇ ಅತ್ತೆ ಲೋಟದ ತುಂಬ ಕಾಫಿ ತಂದರು. "ಆರಿ ಹೋಗುತ್ತೆ, ಕುಡಿ." ಬೇಡ, ಮುಕ್ಕಾಲು ಗಂಟೆ ಬಿಡಬೇಕು ಅಂದರೆ, "ಕಾಫಿಗೂ ಥೈರಾಯ್ಡಿಗೂ ಏನೇ ಸಂಬಂಧ?" ಅಂತ ನಕ್ಕರು. ಇರೋ ಸಂಬಂಧ ಅದೊಂದೇ ಅತ್ತೆ! ಮಾತ್ರೆಯ ಬೆನ್ನಿಗೇ ಕಾಫಿ ಹೋದರೆ ಔಷಧಿ ಮೈಗೆ ಸರಿಯಾಗಿ ಹತ್ತೋದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಂತೂ ನಾಲ್ಕು ಗಂಟೆ ಅಂತರ ಬೇಕು.

ಇಷ್ಟು ಜೋರಾಗಿ ಹೇಳ್ತಿದ್ದೀನಲ್ಲ, ನಿಜ ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ನಾನೂ ಕಾಫಿಯ ಜೊತೆಗೇ ಮಾತ್ರೆ ನುಂಗಿದವಳು. ಮರೆಯಬಾರದು ಅಂತ ಕ್ಯಾಲ್ಸಿಯಂ ಮಾತ್ರೆಯನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಬುದ್ಧಿವಂತೆ. ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಇಳಿಯಲಿಲ್ಲ. ಡಾಕ್ಟರು 50 ಮೈಕ್ರೊಗ್ರಾಂ ಇದ್ದ ಮಾತ್ರೆಯನ್ನ 75 ಮಾಡಿದರು, ಆಮೇಲೆ 100. "ಎಷ್ಟು ಹೊತ್ತಿಗೆ ತಗೋತೀಯಮ್ಮ?" ಅಂತ ಒಂದು ಸಲವೂ ಕೇಳಲಿಲ್ಲ. ನಡುವೆ ವಾಟ್ಸಾಪ್ ನಂಬಿ ಕೊತ್ತಂಬರಿ ಬೀಜ ನೆನೆಸಿದ ನೀರನ್ನೂ ಕುಡಿದೆ. ಸಾರಿನ ಪುಡಿಗೆ ಆಗುತ್ತಿದ್ದ ಬೀಜ, ಸುಮ್ನೆ ದಂಡ.

ಆ ದಿನಗಳಲ್ಲಿ ಆಫೀಸಿನ ಎರಡನೇ ಮಹಡಿ ಹತ್ತೋಕೆ ಮಧ್ಯೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಹಾರ್ಮೋನ್ ಸಾಲದೆ ಮೈಗೆ ಚಳಿ, ಮೇ ತಿಂಗಳಲ್ಲೂ ಸ್ವೆಟರ್. ಬಾಚಣಿಗೆ ತುಂಬ ಕೂದಲು. ಅದನ್ನ ಯಾರೂ ನೋಡಲಿಲ್ಲ, ಕಂಡದ್ದು ಸೊಂಟ ಮಾತ್ರ. "ವಾಕಿಂಗ್ ಮಾಡ್ಬಾರ್ದಾ?" ಅಂತ ಕೇಳಿದವರಿಗೆ ಉತ್ತರ ಹೇಳೋ ಶಕ್ತಿಯೂ ಇರಲಿಲ್ಲ.

ತೂಕ ಹನ್ನೊಂದು ಕಿಲೋ ಏರಿತ್ತು. ಅಷ್ಟೂ ಥೈರಾಯ್ಡಿನದೇ ಅಂತ ನಾನೂ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಾಮಾನ್ಯವಾಗಿ ಅದರ ಪಾಲು ಎರಡರಿಂದ ನಾಲ್ಕೈದು ಕಿಲೋ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು, ನೀರು. ಉಳಿದದ್ದು? ಸಂಜೆ ನಾಲ್ಕರ ಕೋಡುಬಳೆ. ಇನ್ನೇನು ಹೇಳಲಿ.

ಈಗ ಐದೂವರೆಗೆ ಮಾತ್ರೆ, ಆರೂವರೆಗೆ ಕಾಫಿ, ಕ್ಯಾಲ್ಸಿಯಂ ರಾತ್ರಿ. ಹೀಗೆ ಮಾಡಿ ಎಂಟು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿದರೆ, 100 ಜಾಸ್ತಿಯಾಗಿತ್ತು! ಮತ್ತೆ 75ಕ್ಕೆ ಬಂದೆ. ಅನ್ನ ಅರ್ಧ, ಕಾಳು ಜಾಸ್ತಿ, ಕೋಡುಬಳೆ ಭಾನುವಾರ ಮಾತ್ರ. ಎಂಟು ತಿಂಗಳಿಗೆ ನಾಲ್ಕು ಕಿಲೋ ಇಳಿದಿದ್ದೇನೆ. ಇದನ್ನ ವಿಡಿಯೋ ಮಾಡಿದರೆ ಯಾರೂ ನೋಡಲ್ಲ, ಅಲ್ವಾ?

"ಪ್ರೀತಿಗೆ ಹೇಳ್ತಾರೆ ಕಣೇ, ಬಿಡು" ಅಂತಾರೆ ನಮ್ಮನೆಯವರು. ಪ್ರೀತಿಯೇ ಇರಬಹುದು. ಆದರೆ ಪಲ್ಯಕ್ಕೆ ಅಡ್ಡ ಬಂದ ಆ ಕೈ, ಹೋಳಿಗೆ ಬಂದಾಗ ಎಲ್ಲಿ ಹೋಗಿತ್ತು? "ಅವಳಿಗೆ ಇನ್ನೊಂದು ಹಾಕಪ್ಪ, ತುಪ್ಪ ಜಾಸ್ತಿ ಬಿಡು" ಅಂದದ್ದೂ ಅದೇ ಅತ್ತೆ.

ಮಜ್ಜಿಗೆ ಹೊತ್ತಿಗೆ ಅತ್ತೆ ಕೈ ತೊಳೆಯಲು ಎದ್ದರು. ಇದೇ ಸಮಯ ಅಂತ ಹುಡುಗನನ್ನ ಕರೆದು ಮೆಲ್ಲಗೆ ಹೇಳಿದೆ, ಸ್ವಲ್ಪ ಕೋಸಿನ ಪಲ್ಯ ಹಾಕಪ್ಪ.

"ಪಲ್ಯ ಮುಗೀತಕ್ಕ. ಹೋಳಿಗೆ ಇದೆ, ತರ್ಲಾ?"