ಅರಮನೆ ನಡುಗಬಾರದು

"ಹಿಂದುಗಡೆ ಒಂದು ಎಲ್‌ಇಡಿ ಪರದೆ ಹಾಕಿಬಿಡಿ ಸಾರ್. ಕಾಡು ಬೇಕಂದ್ರೆ ಕಾಡು, ಅರಮನೆ ಬೇಕಂದ್ರೆ ಅರಮನೆ." ಮಕ್ಕಳ ನಾಟಕಕ್ಕೆ ಸೆಟ್ ಮಾಡುವವರ ಹತ್ತಿರ ಆಡಬಾರದ ಮಾತು ಅಂತ ಒಂದಿದ್ದರೆ ಅದು ಇದೇ. ಹೇಳುವವರು ಉಪಕಾರ ಮಾಡುವ ಧಾಟಿಯಲ್ಲೇ ಹೇಳುತ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಆ ಪರದೆಯ ಕಾಡನ್ನು ನೀವೂ ನೋಡಿರುತ್ತೀರಿ. ಎಲೆ ಎಲೆಯೂ ಹೊಳೆಯುತ್ತದೆ. ಜಲಪಾತ ಬೇರೆ, ಚಿಟ್ಟೆಗಳು ಬೇರೆ. ಮುಂದೆ ನಿಂತ ಹುಡುಗಿಯ ಮುಖಕ್ಕೆ ಎಷ್ಟೇ ಬೆಳಕು ಬಿಟ್ಟರೂ ನಮ್ಮ ಕಣ್ಣು ಆ ಹಾಳು ಚಿಟ್ಟೆಯ ಹಿಂದೆಯೇ ಓಡುತ್ತದೆ. ಸರಿ, ಆ ಹುಡುಗಿ ಕಾಡಿನಲ್ಲಿ ದಾರಿ ತಪ್ಪಬೇಕು, ಯಾರೋ ಬಂದರೆ ಅಡಗಬೇಕು. ಸಾವಿರ ಮರ ಇದೆ, ಒಂದರ ಹಿಂದೆಯೂ ಹೋಗುವ ಹಾಗಿಲ್ಲ! ತೋಳ ಎಲ್ಲಿಂದ ಇಣುಕಬೇಕು?

ಕಿನ್ನರ ಕಥೆಯ ಸೆಟ್ ಅಂದರೆ ಹೇಳುವುದು ಬೇಕಾದಷ್ಟಿದೆ. ಮೊದಲು ಬಾಗಿಲಿನ ವಿಷಯ ಮುಗಿಸಿಬಿಡೋಣ.

ಈ ಕಥೆಗಳಲ್ಲಿ ಅರ್ಧಕ್ಕರ್ಧ ನಡೆಯುವುದು ಬಾಗಿಲ ಹತ್ತಿರವೇ ಅಲ್ವಾ? ತೋಳ ಬಂದು ತಟ್ಟುತ್ತದೆ, ತೆಗೆಯಬೇಡ ಅಂದ ಕೋಣೆಯನ್ನೇ ಹೆಂಡತಿ ತೆಗೆಯುತ್ತಾಳೆ. ಹಾಗಾಗಿ ಬಾಗಿಲು ಬೇಕೇ ಬೇಕು. ಆದರೆ ರಂಗದ ಮೇಲಿನ ಗೋಡೆ ಅಂದರೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಹಿಂದುಗಡೆ ಓರೆಯಾಗಿ ಒಂದು ಆಸರೆ ಕೋಲು, ಕೋಲಿನ ಬುಡಕ್ಕೊಂದು ಭಾರ. ಅಂಥ ಗೋಡೆಗೇ ಬಾಗಿಲು ಕೂರಿಸಿದಿರೋ, ರಾಜ ಸಿಟ್ಟಿನಿಂದ ದಢಾರನೆ ಹಾಕಿಕೊಂಡು ಹೋದ ಕೂಡಲೇ ಏಳು ತಲೆಮಾರಿನ ಅರಮನೆ ಗಡಗಡ ನಡುಗುತ್ತದೆ. ಜನ ನಗುತ್ತಾರೆ, ರಾಜ ಇನ್ನೂ ಸಿಟ್ಟಾಗುತ್ತಾನೆ. ಬಾಗಿಲ ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಂತಿರಬೇಕು. ಗೋಡೆಗೆ ಅಂಟಿದ ಹಾಗೆ ಸುಮ್ನೆ ಕಂಡರೆ ಸಾಕು.

ಇಷ್ಟಕ್ಕೇ ಮುಗಿಯಲಿಲ್ಲ. ಹಿಂಗೋಡೆಯ ಬಾಗಿಲು ಪ್ರೇಕ್ಷಕರಿಂದ ಆಚೆಗೆ ತೆರೆಯಬೇಕು. ಈಚೆಗೆ ತೆರೆದರೆ, ಭರ್ಜರಿಯಾಗಿ ಒಳಗೆ ಬರುವ ಪಾತ್ರವನ್ನು ಬಾಗಿಲೇ ಮುಚ್ಚಿಹಾಕುತ್ತದೆ. ಆಚೆಗೆ ತೆರೆದಾಗ ಅಲ್ಲೇನು ಕಾಣುತ್ತದೆ ಅನ್ನುವುದನ್ನೂ ಯೋಚಿಸಿ, ಅದರ ಹಿಂದೆ ಇನ್ನೊಂದು ಬಣ್ಣ ಬಳಿದ ಗೋಡೆಯ ತುಂಡು ನಿಲ್ಲಿಸಬೇಕು. ಇದನ್ನು ಉಳಿತಾಯದ ಲೆಕ್ಕದಲ್ಲಿ ಹೊಡೆದುಹಾಕಿದ ತಂಡವೊಂದರ ನಾಟಕ ನೋಡಿದ್ದೇನೆ. ನೂರು ವರ್ಷ ನಿದ್ದೆ ಹೋದ ಅರಮನೆ. ಮಾಟಗಾತಿಯ ಕಥೆ ಎಂದೋ ಮುಗಿದಿದೆ. ರಾಜಕುಮಾರ ಮುಳ್ಳುಕಂಟಿ ಕಡಿದು, ಎದೆಯುಬ್ಬಿಸಿ, ಬಾಗಿಲು ತಳ್ಳಿದ. ಅಲ್ಲಿ ಮಾಟಗಾತಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಉದ್ದ ಮೂಗನ್ನು ಬಿಚ್ಚಿ ತೊಡೆಯ ಮೇಲಿಟ್ಟು, ಆರಾಮಾಗಿ ಮೊಬೈಲ್ ನೋಡುತ್ತಿದ್ದಳು. ಮುಂದಿನ ಸಾಲಿನ ಮಗುವೊಂದು ಕಿರುಚಿತು: "ಅಮ್ಮಾ, ಅವಳಿನ್ನೂ ಬದುಕಿದ್ದಾಳೆ!" ಪಾಪ, ರಾಜಕುಮಾರ ಹಿಂದೆ ತಿರುಗಿ ನೋಡಿಯೇಬಿಟ್ಟ.

ಪರದೆಯವರ ದೊಡ್ಡ ವಾದ ಅಂದರೆ ವೇಗ. ಕ್ಷಣದಲ್ಲಿ ದೃಶ್ಯ ಬದಲಾಗುತ್ತೆ ಅಂತಾರೆ, ಮೊನ್ನೆ ಮೊನ್ನೆ ಕಂಡುಹಿಡಿದವರ ಹಾಗೆ. 1640ರ ದಶಕದಲ್ಲೇ ವೆನಿಸ್‌ನಲ್ಲಿ ಜಾಕೊಮೊ ಟೊರೆಲ್ಲಿ ಅನ್ನುವಾತ ರಂಗದ ಅಡಿಯಲ್ಲಿ ಗಾಡಿಗಳನ್ನಿಟ್ಟು, ಅಕ್ಕಪಕ್ಕದ ಬಣ್ಣದ ಚೌಕಟ್ಟುಗಳನ್ನೆಲ್ಲ ಅವಕ್ಕೆ ಸಿಕ್ಕಿಸಿ, ಹಗ್ಗಗಳನ್ನು ಒಂದೇ ಉರುಳೆಗೆ ಕಟ್ಟಿ, ಜನರ ಕಣ್ಣೆದುರೇ ಇಡೀ ದೃಶ್ಯವನ್ನು ಒಟ್ಟಿಗೆ ಬದಲಾಯಿಸುತ್ತಿದ್ದ. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಲ್ಮ್‌ನಲ್ಲಿ 1766ರ ರಂಗಮಂದಿರವೊಂದಿದೆ. ಅಲ್ಲಿ ಇಂಥದ್ದೇ ಮರದ ಯಂತ್ರ ಇವತ್ತಿಗೂ ಕೆಲಸ ಮಾಡುತ್ತದೆ. ಕರೆಂಟು ಹೋದರೂ ಕಾಡು ಬರುತ್ತದೆ.

ಈಗಿನ ತಲೆನೋವು ಸಿಂಡ್ರೆಲಾ. ನಾಟಕದ ತಂಡದವರಿಗೆ ಕುಂಬಳಕಾಯಿ ರಥ ಆಗಲೇಬೇಕಂತೆ. ಅದು 1697ರಲ್ಲಿ ಫ್ರಾನ್ಸಿನ ಪೆರೋ ಬರೆದ ಕಥೆಯದು. ಗ್ರಿಮ್ ಸಹೋದರರ 1857ರ ಆವೃತ್ತಿಯಲ್ಲಿ ಕುಂಬಳಕಾಯಿಯೂ ಇಲ್ಲ, ರಥವೂ ಇಲ್ಲ. ತಾಯಿಯ ಸಮಾಧಿ ಹತ್ತಿರ ಒಂದು ಮರ, ಮರದ ಮೇಲಿಂದ ಹಕ್ಕಿ ಉಡುಗೆ ಎಸೆಯುತ್ತದೆ. ಒಂದು ಮರ, ಒಂದು ದಾರ, ಒಂದು ಲಂಗ, ಆಟ ಮುಗೀತು. ಅದನ್ನೇ ಆಡಿ ಅಂತ ಬೇಡಿಕೊಂಡೆ. ಅವರು ಹೋಗಿ ಕೊನೆಯವರೆಗೂ ಓದಿದ್ದಾರೆ. ಕೊನೆಯಲ್ಲಿ ಪಾರಿವಾಳಗಳು ಮಲಸೋದರಿಯರ ಕಣ್ಣು ಕುಕ್ಕಿ ತೆಗೆಯುತ್ತವೆ. "ಕುಂಬಳಕಾಯಿಯೇ ಇರಲಿ ಸಾರ್" ಅಂದರು.

ಸರಿ, ಪ್ಲೈವುಡ್ಡಿನಲ್ಲಿ ಕತ್ತರಿಸಿ, ಒಂದೇ ಬದಿಗೆ ಬಣ್ಣ ಹೊಡೆದು, ಅಡಿಗೆ ಸಣ್ಣ ಚಕ್ರ ಹಾಕಿದ್ದೇನೆ. ಎಡದಿಂದ ಬಲಕ್ಕೆ ಚೆಂದವಾಗಿ ಹೋಗುತ್ತದೆ. ತಿರುಗಿಸಿದರೆ ಬರೀ ಹಲಗೆ, ಮೊಳೆ. ಬರುವಾಗ ಏನು ಮಾಡ್ತೀರಿ ಅಂತ ಕೇಳಿದರು. ಹನ್ನೆರಡು ಹೊಡೆದ ಮೇಲೆ ಅವಳು ನಡೆದುಕೊಂಡೇ ಮನೆಗೆ ಬರುತ್ತಾಳೆ, ಪೆರೋನೇ ಹಾಗೆ ಬರೆದಿದ್ದಾನೆ ಅಂದೆ.