ಬ್ರೇಕ್ ಆಯಿಲ್ ಹಾಳಾಗಲ್ಲ ಅಂತ ಯಾರ್ರೀ ಹೇಳಿದ್ದು?

"ಬ್ರೇಕ್ ಆಯಿಲ್‌ಗೆಲ್ಲ ಯಾರು ಸಾರ್ ಡೇಟ್ ನೋಡ್ತಾರೆ?" ಈ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಸ್ಪೇರ್ಸ್ ಅಂಗಡಿಯವನದ್ದೂ ಇದೇ ರಾಗ, ಗ್ಯಾರೇಜಿನವನದ್ದೂ ಇದೇ ರಾಗ. ಒಂದು ಪ್ಯಾಕೆಟ್ ಬ್ರೆಡ್ ತಗೊಂಡರೂ ಹಿಂದೆ ಮುಂದೆ ತಿರುಗಿಸಿ ಡೇಟ್ ನೋಡುವ ಜನ ನಾವು. ಒಂದು ಟನ್ ತೂಕದ ಕಾರನ್ನು ನಿಲ್ಲಿಸುವ ಆಯಿಲ್‌ಗೆ ಡೇಟ್ ಕೇಳಿದರೆ ಮಾತ್ರ ತಲೆಹರಟೆ ಗಿರಾಕಿ ಅನ್ನಿಸಿಕೊಳ್ಳಬೇಕು.

ನಾವಿರುವುದು ಶಿವಮೊಗ್ಗದಲ್ಲಿ, ಮಗಳು ಓದುತ್ತಿರುವುದು ಮಣಿಪಾಲದಲ್ಲಿ. ಹಾಗಾಗಿ ಆಗುಂಬೆ ಘಾಟಿ ಹತ್ತಿ ಇಳಿಯುವುದು ನಮಗೆ ತಪ್ಪಿದ್ದಲ್ಲ. ಮಳೆಗಾಲಕ್ಕೆ ಮೊದಲು ಬ್ರೇಕ್ ಆಯಿಲ್ ಬದಲಾಯಿಸಿಬಿಡೋಣ ಅಂತ ಅಂಗಡಿಗೆ ಹೋಗಿ ಅರ್ಧ ಲೀಟರ್ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಕೇಳಿದೆ. ಮೇಲಿನ ರ‍್ಯಾಕಿನಿಂದ ಬಾಟಲಿ ತೆಗೆದು, ಧೂಳು ಒರೆಸಿ ಕೊಟ್ಟ. ತಯಾರಾದ ತಿಂಗಳು, ವರ್ಷ ಇರಬೇಕಾದ ಜಾಗದ ಮೇಲೇ ಅಂಗಡಿಯ ರೇಟ್ ಸ್ಟಿಕ್ಕರ್ ಕೂತಿತ್ತು. ಉಗುರಿನಲ್ಲಿ ಕೆರೆದು ನೋಡಿದೆ. 2019!

"ಸೀಲ್ ಒಡೆದಿಲ್ವಲ್ಲ ಸಾರ್, ಸೀಲ್ ಇದ್ರೆ ಎಷ್ಟ್ ವರ್ಷ ಆದ್ರೂ ಏನೂ ಆಗಲ್ಲ." ಯಾವ ಪುಸ್ತಕದಲ್ಲಿ ಬರೆದಿದೆಯಪ್ಪಾ ಇದು? ಪ್ಲಾಸ್ಟಿಕ್ ಬಾಟಲಿಯ ಗೋಡೆಯ ಮೂಲಕವೂ ತೇವ ನಿಧಾನವಾಗಿ ಒಳಗೆ ಹೋಗುತ್ತದೆ. ಸೀಲ್ ಇದ್ದ ಮಾತ್ರಕ್ಕೆ ಅಮೃತವಲ್ಲ ಅದು. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ತಯಾರಾದ ತಿಂಗಳು, ವರ್ಷ, ಎಂಆರ್‌ಪಿ ಇರಬೇಕು ಅಂತ 2011ರ ಲೀಗಲ್ ಮೆಟ್ರಾಲಜಿ ನಿಯಮ ಇದೆ. ಅದು ಇರುವುದು ಗಿರಾಕಿ ಓದಲಿ ಅಂತ, ಸ್ಟಿಕ್ಕರ್ ಅಂಟಿಸಲಿಕ್ಕೆ ಜಾಗ ಮಾಡಿಕೊಟ್ಟದ್ದಲ್ಲ. ನಾನು ಬೇಡ ಅಂದೆ. ಅವನು ನನ್ನ ಕಣ್ಣೆದುರೇ ಆ ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂರಿಸಿ, ಬಾಟಲಿಯನ್ನು ಅದೇ ರ‍್ಯಾಕಿಗೆ ಇಟ್ಟ. ಇನ್ಯಾರಿಗೋ ಕಾದಿದೆ ಗ್ರಹಚಾರ.

ಡೇಟ್ ಯಾಕೆ ಮುಖ್ಯ ಅಂದರೆ, ಡಾಟ್ 3, ಡಾಟ್ 4 ಎಲ್ಲ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಜಾತಿಯವು. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಅಳತೆ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಅಳತೆ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಘಾಟಿಯ 14 ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕ್, ಪ್ಯಾಡ್ ಎಲ್ಲ ಕೆಂಡ. ಆ ಬಿಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ದಾಟಿ ಆಯಿಲ್‌ಗೆ ಬರುತ್ತದೆ. ನೀರು ಕುಡಿದ ಆಯಿಲ್ ಅಲ್ಲಿ ಕುದಿದು ಗುಳ್ಳೆ ಏಳುತ್ತದೆ. ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಹೋಗಿಬಿಡುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಪೆಡಲ್ ಸೀದಾ ಕೆಳಗೆ. ಕಾರು ತಣ್ಣಗಾದ ಮೇಲೆ ನೋಡಿದರೆ ಬ್ರೇಕ್ ಸರಿಯಾಗೇ ಇರುತ್ತದೆ! ಆಮೇಲೆ ಎಲ್ಲರೂ ಸೇರಿ "ಡ್ರೈವರ್‌ದೇ ತಪ್ಪು" ಅಂತ ತೀರ್ಮಾನ ಕೊಡುತ್ತಾರೆ. (ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಯುವ ಮಹಾನುಭಾವರ ಬಗ್ಗೆ ಬೇರೆಯೇ ಬರೆಯಬೇಕು. ಸೆಕೆಂಡ್ ಗೇರ್ ಇರೋದು ಯಾತಕ್ಕೆ?)

ಇನ್ನು ಗ್ಯಾರೇಜ್. ಬೆಂಚಿನ ಕೆಳಗೆ ಅರ್ಧ ಖಾಲಿಯಾದ ಬಾಟಲಿ. ಮುಚ್ಚಳ ಯಾವತ್ತೋ ಕಳೆದುಹೋಗಿದೆ, ಬಾಯಿಗೆ ಗ್ರೀಸ್ ಹತ್ತಿದ ಬಟ್ಟೆ ತುರುಕಿದ್ದಾರೆ. ಒಗೆದ ಬಟ್ಟೆ ವಾರವಾದರೂ ಒಣಗದ ಮಲೆನಾಡಿನ ಮಳೆಗಾಲದಲ್ಲಿ ಆ ಬಾಟಲಿ ಎಷ್ಟು ನೀರು ಕುಡಿದಿರಬಹುದು? "ಸುಮ್ನೆ ಹೊಸ ಬಾಟ್ಲಿ ಯಾಕೆ ಸಾರ್, ಇದೇ ಇದೆಯಲ್ಲ" ಅಂತ ಉಪಕಾರ ಮಾಡಲು ಬಂದ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೋರಿಸಿದೆ. ಡಾಟ್ 3 ಅಥವಾ ಡಾಟ್ 4 ಮಾತ್ರ ಹಾಕಿ, ಸೀಲ್ ಇದ್ದ ಡಬ್ಬಿಯಿಂದಲೇ ಹಾಕಿ, ತೆರೆಯುವ ಮೊದಲು ಮುಚ್ಚಳ ಒರೆಸಿ ಅಂತ ಅದರ ಮೇಲೇ ಅಚ್ಚು ಹಾಕಿದ್ದಾರೆ. "ಅದೆಲ್ಲ ಕಂಪನಿಯವ್ರು ಸುಮ್ನೆ ಬರೀತಾರೆ ಸಾರ್" ಅಂದ. ಆಯ್ತಪ್ಪ, ನೀನೇ ಸರಿ.

ಇವರ ಇನ್ನೊಂದು ಮಂತ್ರ "ಎಲ್ಲ ಒಂದೇ ಸಾರ್". ಎಲ್ಲ ಒಂದೇ ಅಲ್ಲ! ಡಾಟ್ 3 ಮತ್ತು 4 ಬೆರೆಸಿದರೆ ಅನಾಹುತ ಆಗುವುದಿಲ್ಲ ನಿಜ, ಆದರೆ ಡಾಟ್ 4ರ ದುಡ್ಡು ಕೊಟ್ಟು ಅದರ ಶಕ್ತಿ ಕಳೆದುಕೊಂಡ ಹಾಗೆ. 5.1 ಕೂಡ ಇವುಗಳ ಜೊತೆ ಸೇರುತ್ತದೆ. ಬರೀ 5 ಇದೆಯಲ್ಲ, ಅದು ಸಿಲಿಕೋನ್. ಇವುಗಳ ಜೊತೆ ಬೆರೆಯುವುದೇ ಇಲ್ಲ, ಬೆರೆಸಲೇಬಾರದು. 5ಕ್ಕೂ 5.1ಕ್ಕೂ ನಡುವೆ ಒಂದು ಚುಕ್ಕಿಯಷ್ಟೇ ವ್ಯತ್ಯಾಸ ಇಟ್ಟು ನಂಬರ್ ಕೊಟ್ಟ ಪುಣ್ಯಾತ್ಮ ಯಾರೋ, ಅವನಿಗೂ ಒಂದು ನಮಸ್ಕಾರ. ನಮ್ಮ ಬೀದಿಯವರೊಬ್ಬರ ಕಾರಿಗೆ ಇನ್ನೂ ಘನಕಾರ್ಯ ನಡೆದಿತ್ತು. ಹುಡುಗ ಬ್ರೇಕ್ ಡಬ್ಬಿಗೆ ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದ. ಬ್ರೇಕಿನ ರಬ್ಬರ್ ಸೀಲ್‌ಗಳಿಗೆ ಆ ಜಾತಿಯ ಎಣ್ಣೆ ಆಗಿಬರುವುದಿಲ್ಲ, ಊದಿಕೊಂಡವು. ಕಾಲು ತೆಗೆದರೂ ಬ್ರೇಕ್ ಬಿಡುತ್ತಿರಲಿಲ್ಲ. ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಕ್ಯಾಲಿಪರ್ ಕಿಟ್‌ವರೆಗೆ ಎಲ್ಲ ಬದಲಾಯಿಸಬೇಕಾಯ್ತು. ಬಿಲ್ ಕಟ್ಟಿದ್ದು ಯಾರು? ಕಾರಿನವರೇ. ಹುಡುಗನಿಗೆ ಗೊತ್ತಾಗಲಿಲ್ಲವಂತೆ.

ಟಾಪ್ ಅಪ್ ಅನ್ನುವ ನಾಟಕ ಬೇರೆ. ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿಯುತ್ತದೆ. ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಬೇಕು, ಎಲ್ಲಾದರೂ ಸೋರುತ್ತಿದೆಯಾ ನೋಡಬೇಕು. ಇವರು ನೋಡುವುದು ಬಾಟಲಿ ಎಲ್ಲಿದೆ ಅಂತ. ಗರಿಷ್ಠ ಗೆರೆವರೆಗೆ ಸುರಿದು ಕೈ ಒರೆಸಿಕೊಳ್ಳುತ್ತಾರೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಅದೇ ಆಯಿಲ್ ಉಕ್ಕಿ ಹೊರಗೆ ಚೆಲ್ಲುತ್ತದೆ, ತಕ್ಷಣ ನೀರು ಹಾಕಿ ತೊಳೆಯದಿದ್ದರೆ ಪೇಂಟ್ ಎದ್ದುಬರುತ್ತದೆ.

ಇದೆಲ್ಲ ಸಾಕಪ್ಪಾ ಅಂತ ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಏಸಿ ರೂಮು, ಕಾಫಿ, ಟೈ ಕಟ್ಟಿದ ಹುಡುಗ. ಬಹಳಷ್ಟು ಕಾರುಗಳ ಮ್ಯಾನುಯಲ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಇರುತ್ತದೆ, ಅವನೂ ಅದನ್ನೇ ಗಿಳಿಪಾಠ ಒಪ್ಪಿಸಿದ. ಖುಷಿಯಾಯ್ತು. ಸಂಜೆ ಬಿಲ್ ಬಂತು. ಬ್ರೇಕ್ ಆಯಿಲ್ ಬದಲಾವಣೆ, ನಾಲ್ಕೂ ಚಕ್ರದ ಬ್ಲೀಡಿಂಗ್ (ಅಂದರೆ ಚಕ್ರದ ಹತ್ತಿರದ ನಿಪ್ಪಲ್ ಬಿಚ್ಚಿ ಹಳೆ ಆಯಿಲ್, ಗಾಳಿ ಹೊರಗೆ ಬಿಡುವುದು), ಲೇಬರ್ ಬೇರೆ. ಬಗ್ಗಿ ಹಿಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಬ್ಲೀಡಿಂಗ್ ನಿಪ್ಪಲ್‌ನ ರಬ್ಬರ್ ಟೋಪಿಯ ಮೇಲೆ ಕೆಮ್ಮಣ್ಣು ಹೆಪ್ಪುಗಟ್ಟಿ ಕೂತಿದೆ. ಯಾರೂ ಮುಟ್ಟೇ ಇಲ್ಲ! ಕೇಳಿದರೆ, "ಮೇಲಿನ ಡಬ್ಬಿಯಲ್ಲಿ ಫುಲ್ ಚೇಂಜ್ ಮಾಡಿದ್ದೀವಿ ಸಾರ್." ಅಂದರೆ ಸಿರಿಂಜ್ ಹಾಕಿ ಮೇಲಿನದನ್ನು ಹೀರಿ ಹೊಸದು ತುಂಬಿದ್ದಾರೆ. ಬಿಸಿ ತಾಗುವ ಕ್ಯಾಲಿಪರ್ ಹತ್ತಿರ ಇರುವುದು ಹಳೆಯದೇ. ಹಣ ಮಾತ್ರ ನಾಲ್ಕೂ ಚಕ್ರಕ್ಕೆ.

ಮತ್ತೆ ಮಾಡಿ, ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ ಅಂದೆ. "ಕಸ್ಟಮರ್ ಒಳಗೆ ಬರೋ ಹಾಗಿಲ್ಲ ಸಾರ್, ಸೇಫ್ಟಿ ರೂಲ್ಸ್" ಅಂದ.

ಸೇಫ್ಟಿ ಅಂತೆ!