ನಮ್ಮೂರು ಕಷ್ಟ ಅಂತ ಬರೆದುಕೊಡಬೇಕಂತೆ

ಹೋದ ಭಾನುವಾರ ಮಂಡ್ಯದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮೈಸೂರಿಂದ ಒಂದು ಗಂಟೆ ದಾರಿ, ಆದರೂ ಕೆಲಸ ಇದ್ದರೆ ಮಾತ್ರ ಹೋಗೋದು. ಆ ಮನೆಗೆ ಇಂಗ್ಲಿಷ್ ಕಾಗದ ಬಂದಾಗಲೆಲ್ಲ ನನಗೇ ಬುಲಾವ್. ಈ ಸಲ ಓದೋದಲ್ಲ, ಬರೆಯೋದು. ಅವರ ಮಗಳು ಅಮೆರಿಕ ಬಿಟ್ಟು ಗಂಡನ ಜೊತೆ ಮಂಡ್ಯದಲ್ಲೇ ಇರಬೇಕಾದರೆ ಎಷ್ಟು ಕಷ್ಟ ಅಂತ ಚಿಕ್ಕಮ್ಮ ಬರೆದು, ಸಹಿ ಹಾಕಿ, ನೋಟರಿ ಮಾಡಿಸಿ ಕಳಿಸಬೇಕು. ಅಲ್ಲಿನ ಲಾಯರ್ ಕೇಳಿದ್ದಾರೆ.

"ಯಾಕೋ, ನಮ್ಮೂರಿಗೆ ಏನಾಗಿದೆ? ನೀರಿಲ್ವಾ, ಕರೆಂಟಿಲ್ವಾ? ಮೂರು ವರ್ಷದ ಕೂಸನ್ನ ಅಲ್ಲಿಂದ ತಂದು ಇಲ್ಲೇ ಸಾಕಲಿಲ್ವಾ ನಾನು?" ಅಂತ ಸಿಡುಕಿದರು.

ಹಿಂದಿನ ಕತೆ ಹೇಳಿಬಿಡ್ತೀನಿ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ. ಚಿಕ್ಕಪ್ಪ ಕಂಪನಿ ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ತಂಗಿ ಹುಟ್ಟಿದಳು, ಹಾಗಾಗಿ ಅಲ್ಲಿನ ಪ್ರಜೆ. ಬೆಳೆದದ್ದೆಲ್ಲ ಇಲ್ಲೇ. ಪಕ್ಕದ ಬೀದಿ ಹುಡುಗನನ್ನು ಇಷ್ಟಪಟ್ಟಳು, ಮನೆಯಲ್ಲಿ ಜಾತಿ ತೆಗೆದರು. ಅವಳು ಅಮೆರಿಕದ ನೀಲಿ ಪಾಸ್‌ಪೋರ್ಟ್ ಹಿಡಿದು ಹೊರಟೇಬಿಟ್ಟಳು, ಅಲ್ಲಿ ಸಾಲ ಮಾಡಿ ನರ್ಸಿಂಗ್ ಓದಿದಳು. ಇವನಿಗೆ ಟೂರಿಸ್ಟ್ ವೀಸಾ ಎರಡು ಸಲ ರಿಜೆಕ್ಟ್ ಆಯಿತು. ಆಮೇಲೆ ಯಾರಿಗೂ ಹೇಳದೆ ವಿ.ಸಿ. ನಾಲೆ ಬಯಲಿನ ಇಪ್ಪತ್ತು ಗುಂಟೆ ಗದ್ದೆ ಮಾರಿ, ಯಾವನೋ ಏಜೆಂಟ್ ಕೈಗೆ ದುಡ್ಡು ಸುರಿದ. ದೇಶದಿಂದ ದೇಶಕ್ಕೆ ಕದ್ದು ನುಗ್ಗೋದಕ್ಕೆ ಪಂಜಾಬ್ ಕಡೆಯವರು ಡಂಕಿ ಅಂತಾರಲ್ಲ, ಅದೇ ದಾರಿ. ಕೊಲಂಬಿಯಾ, ಪನಾಮ ನಡುವಿನ ಡೇರಿಯನ್ ಕಾಡನ್ನು ನಡೆದೇ ದಾಟಿ, ಮೆಕ್ಸಿಕೋ ಮುಟ್ಟಿ, ಅಮೆರಿಕ ಗಡಿಯ ಗೋಡೆ ಹಾರಿದ ಅರ್ಧ ಗಂಟೆಗೆ ಸಿಕ್ಕಿಬಿದ್ದ. ಮೂರು ತಿಂಗಳು ಒಳಗಿಟ್ಟು 2023ರ ಅಕ್ಟೋಬರ್‌ನಲ್ಲಿ ವಾಪಸ್ ಕಳಿಸಿದರು. ಮನೆಗೆ ಬಂದಾಗ ಅವನ ಶೂಗಳಿಗೆ ಲೇಸ್ ಇರಲಿಲ್ಲ, ಒಳಗೆ ಬಿಚ್ಚಿಸಿಕೊಂಡಿದ್ದರಂತೆ. ಅದನ್ನು ನೋಡಿಯೇ ಇರಬೇಕು, ನಮ್ಮ ಚಿಕ್ಕಪ್ಪ ಜಾತಿ ಮಾತು ಬಿಟ್ಟರು. 2024ರಲ್ಲಿ ಮದುವೆ ಆಯಿತು.

ಮದುವೆ ಊಟದ ಪಂಕ್ತಿಯಲ್ಲೇ ಶುರು, "ಬಿಡಪ್ಪ, ಸಿಟಿಜನ್ ಹೆಂಡತಿ, ಗ್ರೀನ್ ಕಾರ್ಡ್ ಮನೆಗೇ ಬರತ್ತೆ" ಅಂತ. ಎಲ್ಲಿ ಬರತ್ತೆ? ಮದುವೆಯಾದ ಮಾತ್ರಕ್ಕೆ ಗೋಡೆ ಹಾರಿದ್ದು ಅಳಿಸಿಹೋಗಲ್ಲ. ಅವನನ್ನು ಕಳಿಸಿದ ಆದೇಶದಲ್ಲಿ 5 ವರ್ಷದ ನಿಷೇಧ ಇದೆ. ತಂಗಿ ಗಂಡನಿಗೋಸ್ಕರ ಹಾಕಿದ ಐ-130 ಅನ್ನೋ ಅರ್ಜಿ ಪಾಸಾಯಿತು. ಅದು ಇವರಿಬ್ಬರೂ ನಿಜವಾದ ಗಂಡ ಹೆಂಡತಿ ಅಂತ ಒಪ್ಪಿದ್ದು, ಅಷ್ಟೇ. ಮುಂಬೈ ಕಾನ್ಸುಲೇಟ್ ಸಂದರ್ಶನದಲ್ಲಿ ವೀಸಾ ಸಿಗಲಿಲ್ಲ. 5 ವರ್ಷ ಮುಗಿಯೋ ಮುಂಚೆ ಹೋಗಬೇಕಂದರೆ ಐ-212 ಅರ್ಜಿ ಹಾಕಿ ಅನುಮತಿ ಕೇಳಬೇಕು. ಕೊಡೋದು ಬಿಡೋದು ಅವರಿಷ್ಟ. ಹೆಂಡತಿಗಾಗುವ ಕಷ್ಟವನ್ನೂ ತೂಗಿ ನೋಡ್ತಾರೆ, ಅದಕ್ಕೇ ಈ ಕಾಗದ. ಪುಣ್ಯಕ್ಕೆ ಅವನು ಅಲ್ಲಿ ಹೆಸರು, ಊರು ನಿಜವೇ ಹೇಳಿದ್ದ. ತಾನು ಅಮೆರಿಕದ ಪ್ರಜೆ ಅಂತ ಸುಳ್ಳು ಹೇಳಿದ್ದರೆ ಕತೆ ಹೆಚ್ಚುಕಮ್ಮಿ ಮುಗೀತಿತ್ತು.

ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಮೊದಲೇ ಮದುವೆ ಮಾಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಅಲ್ಲಿನ ಪ್ರಜೆಯ ಗಂಡನಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿಯೇ ಇಲ್ಲ. ಅದೇ ಮುಂಬೈಗೆ ಹೋಗಿ ಬಂದು, ಒಂದೆರಡು ವರ್ಷದಲ್ಲಿ ವಿಮಾನ ಹತ್ತಬಹುದಿತ್ತು. ಹುಡುಗನ ಆತುರ ಅಂತ ಎಲ್ಲರೂ ಬೈತಾರೆ. ಆ ಆತುರ ಹುಟ್ಟಿಸಿದ್ದು ನಾವೇ ಅಲ್ವಾ?

ಕಾನೂನಿನ ಬಗ್ಗೆಯೂ ನನಗೆ ತಕರಾರಿದೆ. ವೀಸಾ ಮೇಲೆ ವಿಮಾನದಲ್ಲಿ ಇಳಿದು, ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಅಲ್ಲೇ ಕೂತವನು ಅಲ್ಲಿನ ಪ್ರಜೆಯನ್ನು ಮದುವೆಯಾದರೆ, ಸಾಮಾನ್ಯವಾಗಿ ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳಬಹುದು. ಗೋಡೆ ಹಾರಿದವನಿಗೆ ಆ ದಾರಿ ಇಲ್ಲ. ಎಷ್ಟು ದಿನ ಕದ್ದು ಕೂತೆ ಅನ್ನೋದಕ್ಕಿಂತ ಯಾವ ಬಾಗಿಲಿಂದ ಬಂದೆ ಅನ್ನೋದೇ ಅವರಿಗೆ ದೊಡ್ಡದು. ವೀಸಾ ಸಿಗುವಷ್ಟು ಇದ್ದವನಿಗೆ ಒಂದು ನ್ಯಾಯ, ಗದ್ದೆ ಮಾರಿದವನಿಗೆ ಇನ್ನೊಂದು.

ಹಾಗಂತ ಅವನ ಸೋದರಮಾವ ಕೊಡ್ತಿರೋ ಐಡಿಯಾ ಕೇಳಿದರೆ ಮೈ ಉರಿಯತ್ತೆ. "ಈ ಸಲ ಕೆನಡಾ ಕಡೆಯಿಂದ ಹೋಗು, ಅಲ್ಲಿ ಗೋಡೆ ಇಲ್ಲ" ಅಂತೆ. ಗೋಡೆ ಇಲ್ಲ, ಹಿಮ ಇದೆ ಸ್ವಾಮಿ. 2022ರ ಜನವರಿಯಲ್ಲಿ ಗುಜರಾತಿನ ಡಿಂಗುಚಾ ಊರಿನ ಗಂಡ, ಹೆಂಡತಿ, ಎರಡು ಮಕ್ಕಳು ಆ ಗಡಿಯ ಹತ್ತಿರವೇ ಹೆಪ್ಪುಗಟ್ಟಿ ಸತ್ತರು. ಬದುಕಿ ಸಿಕ್ಕಿಬಿದ್ದರೂ ಅಷ್ಟೇ. ಒಂದು ಸಲ ಹೊರಗೆ ಹಾಕಿಸಿಕೊಂಡವನು ಮತ್ತೆ ಕದ್ದು ನುಗ್ಗೋಕೆ ಹೋದರೆ ಶಾಶ್ವತ ನಿಷೇಧ, 10 ವರ್ಷ ಆ ದೇಶದ ಹೊರಗಿದ್ದ ಮೇಲೇ ಅನುಮತಿ ಅರ್ಜಿ ಹಾಕೋಕೂ ಆಗೋದು. ಈಗ ಸುಮ್ನೆ ಮನೇಲಿ ಕೂತಿದ್ದರೂ 2028ಕ್ಕೆ ನಿಷೇಧ ತಾನಾಗೇ ಮುಗಿಯತ್ತೆ. ಇದನ್ನು ಆ ಸೋದರಮಾವನಿಗೆ ಮೂರು ಸಲ ಹೇಳಿದೆ. "ನಿಮಗೆ ಪುಕ್ಕಲು" ಅಂದರು.

ಕಾಗದಕ್ಕೆ ಬರ್ತೀನಿ. ಎರಡು ಲೋಟ ಕಾಫಿ ಆದ ಮೇಲೆ ಚಿಕ್ಕಮ್ಮ ತಾವಾಗೇ ಹೇಳತೊಡಗಿದರು. ಓದಿನ ಸಾಲ ಡಾಲರ್‌ನಲ್ಲಿದೆ, ಇಲ್ಲಿನ ನರ್ಸಿಂಗ್ ಹೋಮ್ ಸಂಬಳದಲ್ಲಿ ಅದರ ಕಂತು ತೀರಲ್ಲ. ನೈಟ್ ಡ್ಯೂಟಿ ಮುಗಿಸಿ ಮಗಳು ಫೋನ್ ಮಾಡ್ತಾಳೆ, ಆಗ ಇಲ್ಲಿ ದೀಪ ಹಚ್ಚೋ ಹೊತ್ತು. ಮಾತಾಡ್ತಾ ಮಾತಾಡ್ತಾ ಹಾಗೇ ನಿದ್ದೆ ಹೋಗ್ತಾಳೆ, ಅಳಿಯ ಲೈನ್ ಕಟ್ ಮಾಡದೆ ನೋಡ್ತಾ ಕೂತಿರ್ತಾನೆ. ಎಲ್ಲ ಬರೆದುಕೊಂಡೆ.

"ಕೊನೆಗೆ ಒಂದು ಸಾಲು ಹಾಕು, ಮಂಡ್ಯ ಒಳ್ಳೆ ಊರು ಅಂತ" ಅಂದರು.

ಹಾಕಿದ್ದೀನಿ. ಲಾಯರ್ ತೆಗೆದರೆ ತೆಗೀಲಿ.